ಮಾವನ ಗದ್ದೆಯೂ ರಾಮ್ಸಾರ್ ಪಟ್ಟಿಯೂ



ವಿರಾಜಪೇಟೆಯಿಂದ ಮಡಿಕೇರಿಯ ಕಡೆಗೆ ಹೊರಟರೆ ಬೇತ್ರಿಯಲ್ಲಿ ಕಾವೇರಿಯ ಸೇತುವೆ ಬರುತ್ತದೆ. ಸೇತುವೆ ಬರುವ ಮುಂಚೆ, ಎರಡು ಬದಿಯ ಕಾಫಿ ತೋಟಗಳು ಕೆಳಗಿಳಿದು ಮುಗಿಯುವ ತಗ್ಗುಗಳಲ್ಲಿ, ಅಲ್ಲಲ್ಲಿ ಭತ್ತದ ಬಯಲುಗಳು ಕಾಣುತ್ತವೆ. ನನ್ನ ಸೋದರಮಾವನಿಗೆ ಅಂಥ ಒಂದು ಬಯಲಿನಲ್ಲಿ ಮೂರು ಗದ್ದೆಗಳಿವೆ. ಬಾಲ್ಯದ ಮಳೆಗಾಲದ ರಜೆಗಳನ್ನು ನಾನು ಕಳೆದದ್ದು ಆ ಗದ್ದೆಗಳ ಬದುವಿನ ಮೇಲೆಯೇ. ಏಡಿ ಹಿಡಿಯಲು ಕಲಿತದ್ದೂ, ಜಿಗಣೆಗೆ ಹೆದರುವುದನ್ನು ಬಿಟ್ಟದ್ದೂ ಅಲ್ಲಿಯೇ.

ಕೆಲವು ವರ್ಷಗಳ ಹಿಂದೆ ಕರ್ನಾಟಕದ ಜೌಗುಭೂಮಿಗಳ ಮೇಲೆ ನಾವೊಂದು ಕಾರ್ಯಕ್ರಮ ಮಾಡಿದೆವು. ಯಾವ ಜಾಗಗಳು ಅಂತರರಾಷ್ಟ್ರೀಯ ಮಹತ್ವದ ಪಟ್ಟಿಗೆ ಸೇರಿವೆ ಎಂದು ತೋರಿಸುವುದು ಅದರ ಉದ್ದೇಶ. ಅದನ್ನು ನೋಡಿದ ಮಾವ ಮರುದಿನವೇ ಫೋನ್ ಮಾಡಿದರು. "ಅಲ್ಲ ಮಾರಾಯ, ಕೆರೆ ತೋರಿಸಿದೆ, ಅಳಿವೆ ತೋರಿಸಿದೆ. ನಮ್ಮ ಗದ್ದೆಯೂ ಆರು ತಿಂಗಳು ನೀರಿನಲ್ಲೇ ಇರುತ್ತದಲ್ಲ, ಅದು ಯಾಕೆ ಜೌಗುಭೂಮಿ ಅಲ್ಲ? ಆ ಪಟ್ಟಿಗೆ ಸೇರಿಸಬೇಕಾದರೆ ಅರ್ಜಿ ಯಾರಿಗೆ ಕೊಡಬೇಕು?" ಎಂದರು. ಮಾತಿನಲ್ಲಿ ಅರ್ಧ ತಮಾಷೆ ಇತ್ತು, ಉಳಿದರ್ಧ ತಮಾಷೆಯಲ್ಲ. ಪಕ್ಕದ ಗದ್ದೆಯವರು ಆ ವರ್ಷ ಭತ್ತ ಬಿಟ್ಟು ಶುಂಠಿಗೆ ಕೊಟ್ಟಿದ್ದರು. ಅದರಾಚೆಯ ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡುವ ಮಾತು ನಡೆದಿತ್ತು. ಮಾವನ ಗದ್ದೆಯನ್ನೂ ಕೇಳಲು ಜನ ಬರುತ್ತಿದ್ದರು.

ನಾನು ವಿಜ್ಞಾನದ ಪದವೀಧರ. ಕಾರ್ಯಕ್ರಮ ಮಾಡಿದವನೂ ನಾನೇ. ಹಾಗಿದ್ದೂ ಮಾವನಿಗೆ ಆ ಹೊತ್ತಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. "ನೋಡಿ ಹೇಳುತ್ತೇನೆ ಮಾವ" ಎಂದು ಫೋನ್ ಇಟ್ಟೆ. ಆಮೇಲೆ ನೋಡಿದ್ದನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮೊದಲು ರಾಮ್ಸಾರ್ ಎಂಬ ಹೆಸರಿನ ವಿಷಯ. ಇದು ಇರಾನ್ ದೇಶದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಯ ಮೇಲಿರುವ ಒಂದು ಊರು. 1971ರ ಫೆಬ್ರುವರಿ 2ರಂದು ಹಲವು ದೇಶಗಳ ಪ್ರತಿನಿಧಿಗಳು ಅಲ್ಲಿ ಸೇರಿ ಜೌಗುಭೂಮಿಗಳನ್ನು ಕಾಪಾಡುವ ಒಪ್ಪಂದವೊಂದಕ್ಕೆ ಬಂದರು. ಅದು ಜಾರಿಗೆ ಬಂದದ್ದು 1975ರ ಡಿಸೆಂಬರಿನಲ್ಲಿ. ಆರಂಭದಲ್ಲಿ ಅವರ ಮುಖ್ಯ ಚಿಂತೆ ನೀರುಹಕ್ಕಿಗಳದು. ಹಕ್ಕಿಗೆ ದೇಶದ ಗಡಿ ಗೊತ್ತಿಲ್ಲ. ಒಂದು ದೇಶದಲ್ಲಿ ಗೂಡು ಕಟ್ಟುತ್ತದೆ, ಇನ್ನೊಂದು ದೇಶದಲ್ಲಿ ಚಳಿಗಾಲ ಕಳೆಯುತ್ತದೆ, ದಾರಿಯಲ್ಲಿ ಮತ್ತೆರಡು ದೇಶಗಳಲ್ಲಿ ಇಳಿದು ಮೇಯುತ್ತದೆ. ಈ ಸರಪಳಿಯಲ್ಲಿ ಒಂದು ಕೆರೆ ಬತ್ತಿಹೋದರೂ ಉಳಿದ ದೇಶಗಳು ಪಟ್ಟ ಶ್ರಮ ವ್ಯರ್ಥ. ಹಾಗಾಗಿ ಎಲ್ಲರೂ ಸೇರಿಯೇ ಕಾಯಬೇಕು ಎಂಬ ವಿಚಾರ ಹುಟ್ಟಿತು. ಭಾರತ ಈ ಒಪ್ಪಂದಕ್ಕೆ ಸೇರಿದ್ದು 1982ರಲ್ಲಿ. ನಮ್ಮ ಮೊದಲ ಎರಡು ಜಾಗಗಳು ಒಡಿಶಾದ ಚಿಲಿಕಾ ಸರೋವರ ಮತ್ತು ರಾಜಸ್ಥಾನದ ಕೇವಲಾದೇವ್. ಇಂದು 170ಕ್ಕೂ ಹೆಚ್ಚು ದೇಶಗಳು ಒಪ್ಪಂದದಲ್ಲಿವೆ, ಪಟ್ಟಿಯಲ್ಲಿರುವ ಜಾಗಗಳು 2,500 ದಾಟಿವೆ.

ಒಪ್ಪಂದದ ಮೊದಲ ವಿಧಿಯಲ್ಲೇ ಜೌಗುಭೂಮಿ ಎಂದರೇನು ಎಂಬ ವ್ಯಾಖ್ಯೆ ಇದೆ. ಅದನ್ನು ಓದಿದಾಗ ನನಗೆ ಆಶ್ಚರ್ಯವೇ ಆಯಿತು, ಅದರ ವ್ಯಾಪ್ತಿ ಅಷ್ಟು ದೊಡ್ಡದು. ನೀರು ನೈಸರ್ಗಿಕವಾಗಿ ನಿಂತಿರಬಹುದು, ಮನುಷ್ಯರು ನಿಲ್ಲಿಸಿದ್ದೂ ಆಗಬಹುದು. ವರ್ಷವಿಡೀ ಇರಬಹುದು, ಕೆಲವು ತಿಂಗಳು ಮಾತ್ರ ಇದ್ದರೂ ಸರಿ. ನಿಂತ ನೀರು, ಹರಿಯುವ ನೀರು, ಸಿಹಿನೀರು, ಸವುಳು ನೀರು, ಉಪ್ಪು ನೀರು ಎಲ್ಲವೂ ಸಲ್ಲುತ್ತವೆ. ಸಮುದ್ರವಾದರೆ ಇಳಿತದ ಹೊತ್ತಿನಲ್ಲಿ ಆರು ಮೀಟರಿಗಿಂತ ಹೆಚ್ಚು ಆಳ ಇರಬಾರದು, ಅಷ್ಟೇ. ಈ ವ್ಯಾಖ್ಯೆಯ ಪ್ರಕಾರ ಮಾವನ ಗದ್ದೆ ಜೌಗುಭೂಮಿ ಹೌದೇ ಹೌದು. ನಾಗರಹೊಳೆ ಕಾಡಿನ ನಡುವೆ ಸಿಗುವ ಹಡ್ಲುಗಳೂ ಹೌದು. ಕಾರ್ಯಕ್ರಮದಲ್ಲಿ ನಾನು ಕೊಡಗಿನ ಹೆಸರನ್ನೇ ಎತ್ತಿರಲಿಲ್ಲ. ಅದು ನನ್ನ ತಪ್ಪು.

ಜೌಗುಭೂಮಿ ಆಗಿರುವುದು ಬೇರೆ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನಿಸಿಕೊಳ್ಳುವುದು ಬೇರೆ. ಅದಕ್ಕೆ ಒಂಬತ್ತು ಮಾನದಂಡಗಳಿವೆ. ಒಂಬತ್ತರಲ್ಲಿ ಒಂದು ಒಪ್ಪಿದರೂ ಸಾಕು. ಜಾಗ ಇಷ್ಟೇ ದೊಡ್ಡದಿರಬೇಕು ಎಂಬ ನಿಯಮವೂ ಇಲ್ಲ. ಹಿಮಾಚಲ ಪ್ರದೇಶದ ರೇಣುಕಾ ಸರೋವರ ಕೇವಲ 20 ಹೆಕ್ಟೇರು. ಬಂಗಾಳದ ಸುಂದರಬನ 4 ಲಕ್ಷ ಹೆಕ್ಟೇರಿಗೂ ಹೆಚ್ಚು. ಎರಡೂ ಅದೇ ಪಟ್ಟಿಯಲ್ಲಿವೆ.

ಮೊದಲನೆಯ ಮಾನದಂಡ ಜಾಗದ ಬಗೆಯನ್ನು ನೋಡುತ್ತದೆ. ಆ ಜೀವಭೌಗೋಳಿಕ ಪ್ರದೇಶದಲ್ಲಿ ಅಪರೂಪದ್ದೋ, ವಿಶಿಷ್ಟವಾದದ್ದೋ, ಅಥವಾ ಆ ಬಗೆಗೆ ಒಳ್ಳೆಯ ಮಾದರಿಯೋ ಆಗಿರುವ ಜೌಗುಭೂಮಿ ಬೇಕು. ಉತ್ತರ ಕನ್ನಡದ ಸಿದ್ದಾಪುರದ ಕಡೆ ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರೂರುವ ಕಾಡಿನ ತಗ್ಗಿನಲ್ಲಿ ಮರಗಳು ಬೇರನ್ನು ಕೆಸರಿನಿಂದ ಮೇಲಕ್ಕೆತ್ತಿ, ಮೊಣಕಾಲು ಮಡಿಸಿದಂತೆ ಬಾಗಿಸಿ, ಉಸಿರಾಡುತ್ತ ನಿಂತಿರುತ್ತವೆ. ಅಂಥ ಜಾಗ ಈ ಮಾನದಂಡದ ಮುಂದೆ ಧೈರ್ಯವಾಗಿ ನಿಲ್ಲಬಹುದು ಎಂಬುದು ನನ್ನ ಅಭಿಪ್ರಾಯ. ಎರಡನೆಯದು ಅಳಿವಿನಂಚಿನ ಪ್ರಭೇದಗಳಿಗೆ ಸಂಬಂಧಿಸಿದ್ದು. ಮೂರನೆಯದು ಆ ಪ್ರದೇಶದ ಜೀವಿವೈವಿಧ್ಯ ಉಳಿಯಲು ಬೇಕಾದ ಸಸ್ಯ ಪ್ರಾಣಿಗಳದು. ನಾಲ್ಕನೆಯದರಲ್ಲಿ ಪ್ರಾಣಿಯ ಬದುಕಿನ ಕಷ್ಟದ ಗಳಿಗೆಗಳ ಲೆಕ್ಕ ಬರುತ್ತದೆ: ಮೊಟ್ಟೆಯಿಡುವ ಕಾಲ, ಗರಿ ಉದುರುವ ಕಾಲ, ಬರಗಾಲದಲ್ಲಿ ಓಡಿಬಂದು ಸೇರುವ ತಾಣ.

ಐದು ಮತ್ತು ಆರನೆಯವು ಅಂಕಿಯ ಮಾನದಂಡಗಳು. ಇವುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇವು ನೋಡಲು ಸುಲಭ, ಮಾಡಲು ಕಷ್ಟ.

ಐದನೆಯದು: ನಿಯತವಾಗಿ 20,000 ಅಥವಾ ಅದಕ್ಕಿಂತ ಹೆಚ್ಚು ನೀರುಹಕ್ಕಿಗಳು ಬರಬೇಕು. ಆರನೆಯದು: ಯಾವುದಾದರೂ ಒಂದು ಪ್ರಭೇದದ ಅಥವಾ ಉಪಪ್ರಭೇದದ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ಶೇಕಡಾ ಒಂದರಷ್ಟು ನಿಯತವಾಗಿ ಅಲ್ಲಿರಬೇಕು. ಈ ಶೇಕಡಾ ಒಂದು ನಿಸರ್ಗ ಬರೆದ ನಿಯಮವಲ್ಲ. ತಜ್ಞರು ಕುಳಿತು, ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕಲ್ಲ ಎಂದು ಒಪ್ಪಿಕೊಂಡ ಅಂಕಿ. ಆದರೂ ಅದರಲ್ಲಿ ಒಂದು ಜಾಣತನವಿದೆ. ಕೇವಲ ತಲೆ ಎಣಿಸಿದ್ದರೆ ಯಾವಾಗಲೂ ದೊಡ್ಡ ಹಿಂಡಿನ ಬಾತುಗಳೇ ಗೆಲ್ಲುತ್ತಿದ್ದವು. ಜಗತ್ತಿನಲ್ಲಿ ಕೆಲವೇ ಸಾವಿರ ಉಳಿದಿರುವ ಹಕ್ಕಿಗೆ ಜಾಗವೇ ಸಿಗುತ್ತಿರಲಿಲ್ಲ. ಶೇಕಡಾವಾರು ಲೆಕ್ಕದಲ್ಲಿ ಅಪರೂಪದ ಹಕ್ಕಿಯ ಸಣ್ಣ ಗುಂಪಿಗೂ ತೂಕ ಬರುತ್ತದೆ.

ಗದಗ ಜಿಲ್ಲೆಯ ಶಿರಹಟ್ಟಿ ಬಳಿಯ ಮಾಗಡಿ ಕೆರೆಯನ್ನು ತೆಗೆದುಕೊಳ್ಳಿ. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರು. ಪ್ರತಿ ಚಳಿಗಾಲ ಅಲ್ಲಿಗೆ ಸುಮಾರು 8,000 ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು ಇವು. ಈಗ ನೀವೇ ಲೆಕ್ಕ ಹಾಕಿ. 8,000 ಎಂಬುದು ಶೇಕಡಾ ಒಂದೇ ಆಗಿದ್ದರೆ ಜಗತ್ತಿನಲ್ಲಿ ಈ ಹೆಬ್ಬಾತುಗಳು 8 ಲಕ್ಷ ಇರಬೇಕಾಗಿತ್ತು. ಅಂದಾಜಿನಂತೆ ಇರುವುದು ಒಂದು ಲಕ್ಷದ ಆಸುಪಾಸು. ಎಂದರೆ ಹಳ್ಳಿಯ ಒಂದು ಕೆರೆಯಲ್ಲಿ, ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ, ಇಡೀ ಪ್ರಭೇದದ ಒಂದು ದೊಡ್ಡ ಪಾಲು ತಿಂಗಳುಗಟ್ಟಲೆ ಕುಳಿತಿರುತ್ತದೆ. ಹಗಲು ನೀರಿನಲ್ಲಿ ವಿಶ್ರಾಂತಿ, ಮೇವಿಗೆ ಸುತ್ತಲಿನ ರೈತರ ಹೊಲ. ಅಲ್ಲಿಯ ರೈತರ ತಾಳ್ಮೆಯನ್ನು ಯಾವ ಮಾನದಂಡವೂ ಎಣಿಸುವುದಿಲ್ಲ.

ನಾವು ಮಾಗಡಿಗೆ ಶೂಟಿಂಗಿಗೆ ಹೋದದ್ದು ಒಂದು ಜನವರಿ ಬೆಳಿಗ್ಗೆ. ಕ್ಯಾಮೆರಾಮನ್ ಇನ್ನೂ ಟ್ರೈಪಾಡ್ ನಿಲ್ಲಿಸುತ್ತಿದ್ದ, ಒಂದು ಹಿಂಡು ತಲೆಯ ಮೇಲೆ ಹಾದು ಕೆರೆಗೆ ಇಳಿಯಿತು. ಜೊತೆಗಿದ್ದವರು "ಎಷ್ಟಿರಬಹುದು ಹೇಳಿ ಸರ್" ಎಂದರು. ನಾನು ಬಹಳ ವಿಶ್ವಾಸದಿಂದ ಐನೂರು ಎಂದೆ. ಊರಿಗೆ ಮರಳಿದ ಮೇಲೆ ಎಡಿಟಿಂಗ್ ಕೋಣೆಯಲ್ಲಿ ಅದೇ ದೃಶ್ಯವನ್ನು ನಿಲ್ಲಿಸಿ, ಪರದೆಯ ಮೇಲೆ ಚೌಕ ಹಾಕಿ, ಒಂದೊಂದಾಗಿ ಎಣಿಸಿದಾಗ ಎಂಟುನೂರು ದಾಟಿತು. ಕಣ್ಣು ದೊಡ್ಡ ಹಿಂಡನ್ನು ಯಾವಾಗಲೂ ಕಡಿಮೆ ಎಣಿಸುತ್ತದಂತೆ, ಹಕ್ಕಿ ಎಣಿಸುವವರು ಆಮೇಲೆ ಹೇಳಿದರು. ಅವರ ಉಪಾಯ ಸರಳ. ಮೊದಲು ಹಿಂಡಿನ ಒಂದು ಮೂಲೆಯಲ್ಲಿ ನೂರು ಹಕ್ಕಿಗಳನ್ನು ಸರಿಯಾಗಿ ಎಣಿಸುತ್ತಾರೆ. ನೂರು ಹಕ್ಕಿ ಎಂದರೆ ಎಷ್ಟು ಜಾಗ ಎಂಬುದು ಕಣ್ಣಿಗೆ ಕೂತ ಮೇಲೆ, ಅಂಥ ನೂರುಗಳು ಎಷ್ಟಿವೆ ಎಂದು ನೋಡುತ್ತ ಹೋಗುತ್ತಾರೆ. ಏಷ್ಯಾದಾದ್ಯಂತ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಎಣಿಸುವವರಲ್ಲಿ ಬಹುಪಾಲು ಸಂಬಳವಿಲ್ಲದ ಆಸಕ್ತರು: ಉಪಾಧ್ಯಾಯರು, ಬ್ಯಾಂಕ್ ನೌಕರರು, ನಿಮ್ಮಂಥ ವಿದ್ಯಾರ್ಥಿಗಳು.

"ನಿಯತವಾಗಿ" ಎಂಬ ಪದವನ್ನು ಗಮನಿಸಿ. ಒಂದು ವರ್ಷ ಒಳ್ಳೆಯ ಮಳೆಯಾಗಿ ಹಕ್ಕಿ ತುಂಬಿತು ಎಂದರೆ ಸಾಲದು. ಕನಿಷ್ಠ ಮೂರು ಋತುಗಳ ಲೆಕ್ಕವಿರಬೇಕು, ಲೆಕ್ಕವಿರುವ ಋತುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಾದರೂ ಅಂಕಿ ಗೆರೆ ದಾಟಿರಬೇಕು. ಅಥವಾ ಕನಿಷ್ಠ ಐದು ವರ್ಷಗಳ ಗರಿಷ್ಠ ಎಣಿಕೆಗಳ ಸರಾಸರಿ ಗೆರೆ ಮುಟ್ಟಬೇಕು. ಅಂದರೆ ಯಾವ ಕೆರೆಯ ಪಕ್ಕದಲ್ಲಿ ವರ್ಷಾನುಗಟ್ಟಲೆ ನೋಟ್‌ಬುಕ್ ಹಿಡಿದು ಯಾರೂ ನಿಂತಿಲ್ಲವೋ, ಆ ಕೆರೆಗೆ ಎಷ್ಟೇ ಹಕ್ಕಿ ಬಂದರೂ ಈ ಬಾಗಿಲು ತೆರೆಯುವುದಿಲ್ಲ.

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೂಡ ಶತಮಾನಗಳ ಹಿಂದೆ ಕಟ್ಟಿದ ನೀರಾವರಿ ಕೆರೆಯೇ, 98.76 ಹೆಕ್ಟೇರು. ಕೆರೆಯಂಗಳದ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟಿ, ರಾತ್ರಿ ತಂಗಿ ಬದುಕುತ್ತವೆ. ಬಣ್ಣದ ಕೊಕ್ಕರೆ ಮತ್ತು ಬಿಳಿ ಕೆಂಬರಲು ಎರಡೂ ಶೇಕಡಾ ಒಂದರ ಗೆರೆಯನ್ನು ದಾಟಿವೆ.

ಏಳು ಮತ್ತು ಎಂಟನೆಯ ಮಾನದಂಡಗಳು ಮೀನಿಗೆ ಮೀಸಲು. ಸ್ಥಳೀಯ ಮೀನುಗಳ ವೈವಿಧ್ಯ ಒಂದು. ಮೀನು ಮೊಟ್ಟೆಯಿಡುವ, ಮರಿ ಬೆಳೆಯುವ, ಮೇವು ಹುಡುಕುವ ಅಥವಾ ವಲಸೆ ಹೋಗುವ ದಾರಿ ಇನ್ನೊಂದು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯನ್ನು ನೋಡಿದರೆ ಇದು ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ. ಅಣೆಕಟ್ಟಿಲ್ಲದ ನದಿ ಘಟ್ಟದಿಂದ ಇಳಿದು ಅರಬ್ಬಿ ಸಮುದ್ರ ಸೇರುವಲ್ಲಿ, 4,801 ಹೆಕ್ಟೇರಿನಷ್ಟು ಜಾಗದಲ್ಲಿ ಸಿಹಿನೀರೂ ಉಪ್ಪುನೀರೂ ದಿನಕ್ಕೆ ಎರಡು ಸಲ ಬೆರೆಯುತ್ತವೆ. ಅಲ್ಲಿ ಹಲವು ಮೀನಿನ ಪ್ರಭೇದಗಳು ದಾಖಲಾಗಿವೆ. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿ ಆರಿಸಲು ಇಳಿಯುತ್ತಾರೆ. ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪನ್ನು ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. 6,000ದಿಂದ 7,500 ಕುಟುಂಬಗಳು ಈ ಅಳಿವೆಯನ್ನು ನಂಬಿ ಬದುಕುತ್ತಿವೆ. ತದಡಿಯಲ್ಲಿ ಭಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ, ಮುಂದೆ ದೊಡ್ಡ ಬಂದರಿನ ಮಾತು ಬಂದಾಗ, ವಿರೋಧಿಸಿದವರು ಈ ಜನರೇ. ಅಘನಾಶಿನಿ ಪಟ್ಟಿಗೆ ಸೇರುವಷ್ಟರ ಮಟ್ಟಿಗೆ ಉಳಿದಿದ್ದರೆ ಅದಕ್ಕೆ ಅವರೂ ಒಂದು ಕಾರಣ.

ಒಂಬತ್ತನೆಯದು ಎಲ್ಲಕ್ಕಿಂತ ಕಿರಿಯ, 2005ರಲ್ಲಿ ಸೇರಿದ್ದು. ಹಕ್ಕಿಯಲ್ಲದ, ನೀರನ್ನೇ ನಂಬಿದ ಪ್ರಾಣಿಗಳಿಗೂ ಶೇಕಡಾ ಒಂದರ ಲೆಕ್ಕವನ್ನು ಅದು ವಿಸ್ತರಿಸಿತು. ಶ್ರೀರಂಗಪಟ್ಟಣದ ರಂಗನತಿಟ್ಟಿನಲ್ಲಿ ಅಂಥ ಪ್ರಾಣಿಗಳಾದ ಮೊಸಳೆ ಮತ್ತು ನೀರುನಾಯಿ ಇವೆ. ಕಾವೇರಿಯಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್ ಮೀನೂ ಅಲ್ಲಿದೆ. ಜಗತ್ತಿನಲ್ಲಿ ತೀರ ಅಪಾಯದ ಅಂಚಿನಲ್ಲಿರುವ ಮೀನುಗಳಲ್ಲಿ ಅದೊಂದು.

ರಂಗನತಿಟ್ಟಿನ ಮಾತು ಬಂದಾಗ ನಾವು ವಿರಾಜಪೇಟೆಯವರು ಸ್ವಲ್ಪ ಕಿವಿ ನಿಮಿರಿಸಬೇಕು. ನಮ್ಮೂರು ಇರುವುದು ನೀರು ಎರಡು ದಾರಿ ಹಿಡಿಯುವ ಜಾಗದಲ್ಲಿ. ಮಾಕುಟ್ಟದ ಕಡೆ ಬಿದ್ದ ಮಳೆ ಬಾರಪೊಳೆ ಸೇರಿ ಕೇರಳಕ್ಕೆ ಇಳಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈಚೆ ಬಿದ್ದದ್ದು ಕದನೂರು ಹೊಳೆ ಸೇರಿ ಕಾವೇರಿಗೆ, ಅಲ್ಲಿಂದ ಕನ್ನಂಬಾಡಿಗೆ, ಅದನ್ನು ದಾಟಿ ರಂಗನತಿಟ್ಟಿಗೆ. ಕೊಡಗಿನಲ್ಲಿ ಮಳೆ ಒಂದೇ ಸಮನೆ ಹೊಡೆದು ಕನ್ನಂಬಾಡಿಯ ಗೇಟು ತೆರೆದರೆ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುತ್ತವೆ. ತಗ್ಗಿನ ಗದ್ದೆಗಳು ಬದು ಕಟ್ಟಿ ಹಿಡಿದಿಟ್ಟ ನೀರು ನಿಧಾನವಾಗಿ ಇಂಗುತ್ತದೆ, ನಿಧಾನವಾಗಿ ಹೊಳೆ ಸೇರುತ್ತದೆ. ಶುಂಠಿಗೆ ನೀರು ನಿಲ್ಲಬಾರದು. ಆದ್ದರಿಂದ ಮಡಿ ಏರಿಸಿ, ಕಾಲುವೆ ತೋಡಿ, ಬಿದ್ದ ನೀರನ್ನು ಆದಷ್ಟು ಬೇಗ ಹೊರಗೆ ಕಳಿಸುತ್ತಾರೆ. ಒಂದು ಗದ್ದೆಯಿಂದ ರಂಗನತಿಟ್ಟಿಗೆ ಏನೂ ಆಗದು. ಒಂದು ಜಿಲ್ಲೆಯ ಗದ್ದೆಗಳೆಲ್ಲ ಹಾಗಾದರೆ ಏನಾಗುತ್ತದೆ ಎಂಬುದು ನೀವು ಕಾಲೇಜಿನಲ್ಲಿ ಲೆಕ್ಕ ಹಾಕಬಹುದಾದ ಪ್ರಶ್ನೆ.

ಇನ್ನು ಆಯ್ಕೆ ಮಾಡುವವರು ಯಾರು? ಸ್ವಿಟ್ಜರ್‌ಲ್ಯಾಂಡಿನಿಂದ ತಜ್ಞರ ತಂಡ ಬಂದು ಕೆರೆ ನೋಡಿ ಅಂಕ ಹಾಕುತ್ತದೆ ಎಂದು ನಾನು ಮೊದಲು ಭಾವಿಸಿದ್ದೆ. ಹಾಗಲ್ಲ. ಆರಿಸುವುದು ಆಯಾ ದೇಶವೇ. ನಮ್ಮಲ್ಲಿ ರಾಜ್ಯ ಸರ್ಕಾರ ಮಾಹಿತಿ ಸಿದ್ಧಪಡಿಸಿ ಕೇಂದ್ರದ ಪರಿಸರ ಮಂತ್ರಾಲಯಕ್ಕೆ ಕಳಿಸುತ್ತದೆ. ಮಂತ್ರಾಲಯ ಅದನ್ನು ಸ್ವಿಟ್ಜರ್‌ಲ್ಯಾಂಡಿನ ಗ್ಲ್ಯಾಂಡ್ ಎಂಬಲ್ಲಿರುವ ಒಪ್ಪಂದದ ಕಚೇರಿಗೆ ಕಳಿಸುತ್ತದೆ. ಜೊತೆಗೆ ಗಡಿ ಗುರುತಿಸಿದ ನಕ್ಷೆ ಇರಬೇಕು, ನಿಗದಿಯಾದ ಮಾಹಿತಿ ಪತ್ರ ತುಂಬಿರಬೇಕು: ಯಾವ ಮಾನದಂಡ, ಅದಕ್ಕೆ ಆಧಾರವೇನು, ನೀರು ಎಲ್ಲಿಂದ, ಒಡೆತನ ಯಾರದು, ಅಪಾಯಗಳೇನು. ಕಚೇರಿ ಆ ಪತ್ರ ಸರಿಯಿದೆಯೇ ಎಂದು ಪರಿಶೀಲಿಸಿ ಪಟ್ಟಿಗೆ ಸೇರಿಸುತ್ತದೆ.

ಹೀಗಾಗಿ ಪಟ್ಟಿಯ ಉದ್ದ ನಿಸರ್ಗವನ್ನು ಎಷ್ಟು ತೋರಿಸುತ್ತದೆಯೋ ಸರ್ಕಾರದ ಮನಸ್ಸನ್ನೂ ಅಷ್ಟೇ ತೋರಿಸುತ್ತದೆ. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ. ರಾಮ್ಸಾರ್ ಪಟ್ಟಿಗೆ ಸೇರಿದ್ದು 2022ರಲ್ಲಿ, ಕರ್ನಾಟಕದ ಮೊಟ್ಟಮೊದಲ ಜಾಗವಾಗಿ. ಭಾರತ ಒಪ್ಪಂದಕ್ಕೆ ಸೇರಿ ಅಷ್ಟರಲ್ಲಿ ನಲವತ್ತು ವರ್ಷ ಕಳೆದಿತ್ತು. ಆ ನಲವತ್ತು ವರ್ಷವೂ ಕೊಕ್ಕರೆಗಳು ಅಲ್ಲಿಯೇ ಇದ್ದವು, ಅರ್ಜಿ ಮಾತ್ರ ಹೋಗಿರಲಿಲ್ಲ. 2018ರ ಕೊನೆಯವರೆಗೆ ಇಡೀ ದೇಶದಲ್ಲಿ ಇದ್ದದ್ದು 26 ಜಾಗಗಳು. ಸ್ವಾತಂತ್ರ್ಯದ 75ನೆಯ ವರ್ಷಕ್ಕೆ 75 ಆಗಬೇಕೆಂದು ಹೊರಟಾಗ 2022ರ ಆಗಸ್ಟಿನೊಳಗೆ 75 ಆಯಿತು. 2024ರ ಜನವರಿ 31ರಂದು ಮಾಗಡಿ, ಅಂಕಸಮುದ್ರ, ಅಘನಾಶಿನಿಗಳೂ ತಮಿಳುನಾಡಿನ ಎರಡು ಜಾಗಗಳೂ ಸೇರಿ 80. 2025ರಲ್ಲಿ ಸಂಖ್ಯೆ 90 ದಾಟಿತು. ಅಂಕಿ ಏರಿದ್ದು ಸಂತೋಷವೇ. ಆದರೆ ಆ ವರ್ಷಗಳಲ್ಲಿ ಕೆರೆಗಳು ಮೂರು ಪಟ್ಟು ಚೆನ್ನಾದವು ಎಂದು ಯಾರೂ ತಿಳಿಯಬಾರದು.

ಪಟ್ಟಿಗೆ ಸೇರಿದರೆ ಏನು ಸಿಗುತ್ತದೆ? ಒಪ್ಪಂದಕ್ಕೆ ಪೊಲೀಸರಿಲ್ಲ, ನ್ಯಾಯಾಲಯವಿಲ್ಲ, ದಂಡವಿಲ್ಲ. ಅದು ವಿಶ್ವಸಂಸ್ಥೆಯ ಅಂಗವೂ ಅಲ್ಲ. ಸೇರಿಸಿದ ಜಾಗದ ಗುಣ ಕೆಡದಂತೆ ನೋಡಿಕೊಳ್ಳುತ್ತೇನೆ, ಕೆಟ್ಟರೆ ತಿಳಿಸುತ್ತೇನೆ ಎಂದು ದೇಶ ಮಾತು ಕೊಡುತ್ತದೆ. ಕೆಡುತ್ತಿರುವ ಜಾಗಗಳಿಗೆ ಮಾಂಟ್ರೂ ದಾಖಲೆ ಎಂಬ ಇನ್ನೊಂದು ಪಟ್ಟಿಯಿದೆ, ಶಾಲೆಯಲ್ಲಿ ಕಪ್ಪು ಹಲಗೆಯ ಮೇಲೆ ಹೆಸರು ಬರೆಯುತ್ತಾರಲ್ಲ, ಹಾಗೆ. ಕೇವಲಾದೇವ್ 1990ರಲ್ಲಿ, ಮಣಿಪುರದ ಲೋಕ್ತಾಕ್ 1993ರಲ್ಲಿ ಆ ಪಟ್ಟಿ ಸೇರಿದವು. ಚಿಲಿಕಾವೂ 1993ರಲ್ಲಿ ಸೇರಿತ್ತು, ಹೂಳು ತುಂಬಿ ಸಮುದ್ರದ ಬಾಯಿ ಕಟ್ಟಿಹೋಗಿತ್ತು. 2000ದಲ್ಲಿ ಹೊಸ ಬಾಯಿ ತೆರೆದು ಉಪ್ಪುನೀರು ಒಳಬರುವಂತೆ ಮಾಡಿದರು. ಮೀನು ಮರಳಿತು, 2002ರಲ್ಲಿ ಚಿಲಿಕಾದ ಹೆಸರು ಆ ಪಟ್ಟಿಯಿಂದ ಹೊರಬಂತು.

ಕಾನೂನಿನ ಬಲ ಬರುವುದು ನಮ್ಮದೇ 2017ರ ಜೌಗುಭೂಮಿ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳಿಂದ. ರಾಮ್ಸಾರ್ ಪಟ್ಟಿಯ ಜಾಗಗಳಿಗೆ ಅವು ಅನ್ವಯಿಸುತ್ತವೆ. ಒತ್ತುವರಿ ಮಾಡುವಂತಿಲ್ಲ, ಬೇರೆ ಬಳಕೆಗೆ ತಿರುಗಿಸುವಂತಿಲ್ಲ, ಕಸ ಸುರಿಯುವಂತಿಲ್ಲ, ಹತ್ತು ವರ್ಷಗಳ ಸರಾಸರಿ ನೆರೆಮಟ್ಟದಿಂದ ಐವತ್ತು ಮೀಟರಿನೊಳಗೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಇದೇ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯನ್ನು ರಾಮ್ಸಾರಿನಿಂದಲೇ ತೆಗೆದುಕೊಂಡು, ಕೊನೆಯಲ್ಲಿ ಕೆಲವನ್ನು ಬಿಟ್ಟಿವೆ. ನದಿಯ ಪಾತ್ರ, ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ಕಟ್ಟಿದ ಜಲಾಶಯಗಳು, ಮತ್ತು ಭತ್ತದ ಗದ್ದೆ. ಹೌದು, ಭತ್ತದ ಗದ್ದೆ.

ಬಿಟ್ಟದ್ದಕ್ಕೆ ಕಾರಣ ಇಲ್ಲದಿಲ್ಲ. ದೇಶದ ಪ್ರತಿಯೊಂದು ಗದ್ದೆಯನ್ನೂ ಜೌಗುಭೂಮಿ ಎಂದು ಸಾರಿದರೆ ರೈತ ಬೆಳೆ ಬದಲಿಸಲೂ ಅನುಮತಿ ಕೇಳಬೇಕಾದೀತು. ಕಾಡಾನೆಯ ಕಾಟ, ಆಳಿನ ಅಭಾವ, ಕೈಗೆ ಬಾರದ ಬೆಲೆ, ಇವನ್ನು ಸಹಿಸಿಕೊಂಡು ಭತ್ತ ಬೆಳೆಯುವವನ ಮೇಲೆ ಇನ್ನೊಂದು ಹೊರೆ ಹೊರಿಸುವುದು ನ್ಯಾಯವೂ ಅಲ್ಲ. ಆದರೆ ಅಂಕಸಮುದ್ರ, ಮಾಗಡಿಗಳೂ ನೀರಾವರಿ ಕೆರೆಗಳೇ ಅಲ್ಲವೇ? ನಿಯಮದ ವ್ಯಾಖ್ಯೆ ಹೊರಗಿಟ್ಟ ಬಗೆಯ ಕೆರೆಗಳು ಲೋಕದ ಪಟ್ಟಿಯ ಒಳಗೆ ಬಂದು ಕೂತಿವೆ. ಹಾಗಾದರೆ ಗದ್ದೆಗೂ ದಾರಿ ಇದ್ದೀತು.

ಇದೆ ಕೂಡ. ಜಪಾನಿನ ಮಿಯಾಗಿ ಪ್ರಾಂತದಲ್ಲಿ ಕಬುಕುರಿನುಮ ಎಂಬ ಜೌಗು ಇದೆ. 2005ರಲ್ಲಿ ಅದು ಪಟ್ಟಿಗೆ ಸೇರಿದಾಗ ಸುತ್ತಲಿನ ಭತ್ತದ ಗದ್ದೆಗಳನ್ನೂ ಹೆಸರಿನಲ್ಲೇ ಸೇರಿಸಿಕೊಂಡರು. ಚಳಿಗಾಲದಲ್ಲಿ ಉತ್ತರದಿಂದ ಅಲ್ಲಿಗೆ ಹೆಬ್ಬಾತುಗಳು ಬರುತ್ತವೆ. ಹೆಬ್ಬಾತು ಬೆಳೆ ತಿನ್ನುತ್ತದೆ ಎಂದು ಸಿಟ್ಟಿದ್ದ ರೈತರೊಂದಿಗೆ ಮಾತುಕತೆ ನಡೆದು, ಕೊಯ್ಲಾದ ಗದ್ದೆಗೆ ಚಳಿಗಾಲದಲ್ಲಿ ನೀರು ಕಟ್ಟುವ ಪದ್ಧತಿ ಶುರುವಾಯಿತು. ಹಕ್ಕಿಗೆ ತಂಗಲು ಜಾಗ, ಗದ್ದೆಗೆ ಹಿಕ್ಕೆಯ ಗೊಬ್ಬರ. 2008ರಲ್ಲಿ ಕೊರಿಯದ ಚಾಂಗ್ವಾನಿನಲ್ಲಿ ನಡೆದ ಸಮ್ಮೇಳನದಲ್ಲಿ, ಭತ್ತದ ಗದ್ದೆಗಳು ಜೀವಿವೈವಿಧ್ಯಕ್ಕೆ ಮುಖ್ಯವಾದ ಜೌಗುಭೂಮಿಗಳು ಎಂದು ಎಲ್ಲ ದೇಶಗಳೂ ಸೇರಿ ಒಪ್ಪಿದವು.

ಇಷ್ಟನ್ನೂ ತಿಳಿದುಕೊಂಡು ನಾನು ಕೈಲ್ ಪೊಳ್ದಿನ ಸಮಯದಲ್ಲಿ ವಿರಾಜಪೇಟೆಗೆ ಹೋದೆ. ಮಾವನಿಗೆ ಎಲ್ಲ ಹೇಳಿದೆ. ನಿಮ್ಮ ಮೂರು ಗದ್ದೆಯಿಂದ ಆಗದು ಮಾವ, ಇಡೀ ಬಯಲಿನ ಒಡೆಯರೆಲ್ಲ ಒಪ್ಪಬೇಕು, ಮೇಲಾಗಿ ಒಂಬತ್ತರಲ್ಲಿ ಒಂದು ಮಾನದಂಡಕ್ಕಾದರೂ ಆಧಾರ ಬೇಕು, ಬಯಲಿನಲ್ಲಿ ಯಾವ ಹಕ್ಕಿ, ಯಾವ ಮೀನು, ಯಾವ ಕಪ್ಪೆ ಎಷ್ಟಿವೆ ಎಂದು ಬರೆದಿಟ್ಟವರು ಯಾರಿದ್ದಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಪ್ಪೆ ಎಣಿಸುವುದು ಹೇಗೆ?" ಎಂದರು. ಕಪ್ಪೆಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಎಣಿಸುತ್ತಾರೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಕತ್ತಲಾದ ಮೇಲೆ ಹತ್ತು ನಿಮಿಷ ನಿಂತು ಎಷ್ಟು ಬಗೆಯ ಕೂಗು ಕೇಳಿತು ಎಂದು ಬರೆಯಬೇಕು. ಹೇಳಿಕೊಟ್ಟೆ. ಮಳೆಗಾಲದ ಮೊದಲ ವಾರಗಳು ಇದಕ್ಕೆ ಒಳ್ಳೆಯವು, ಆ ಸಲ ಅದಾಗಲೇ ಕಳೆದಿದ್ದವು.

ಮಾವ ಎರಡು ಗದ್ದೆಗೆ ನಾಟಿ ಮಾಡಿಸಿದ್ದರು. ಮೂರನೆಯದನ್ನು ಹಾಗೇ ಬಿಟ್ಟಿದ್ದರು, ಆಳು ಸಿಕ್ಕಿರಲಿಲ್ಲ. ಅದನ್ನು ಶುಂಠಿಗೆ ಕೇಳಿದವರಿಗೆ ಪುತ್ತರಿ ಕಳೆಯಲಿ, ಹೇಳುತ್ತೇನೆ ಎಂದಿದ್ದರಂತೆ. ನಾನು ಹೊರಡುವ ಬೆಳಿಗ್ಗೆ ಬದುವಿನ ಮೇಲೆ ನಿಂತಿದ್ದರು, ಕೈಯಲ್ಲಿ ನನ್ನ ಅತ್ತೆ ಹಾಲಿನ ಲೆಕ್ಕ ಬರೆಯುವ ಪುಸ್ತಕ. ಹಿಂಬದಿಯ ಪುಟದಲ್ಲಿ ತಾರೀಕು ಹಾಕಿ ಬರೆದಿದ್ದರು: ಕೊಳದ ಬಕ 11, ಬೆಳ್ಳಕ್ಕಿ 26, ಹೆಸರು ಗೊತ್ತಿಲ್ಲದ್ದು 2.